ಪದ್ಮನಾಭಣ್ಣನ ಎರಡು ನಿಮಿಷ

ಪದ್ಮನಾಭಣ್ಣ ಎರಡು ಬೆರಳೆತ್ತಿದರೆ, ವಿಮಾನಗಳಿಗೆ ಅಪ್ಪಣೆ ಕೊಡುವ ನಮ್ಮ ಟವರಿನಲ್ಲಿ ಯಾರೂ ತುಟಿ ಬಿಚ್ಚುತ್ತಿರಲಿಲ್ಲ. ಹಿಂದಿನ ವಿಮಾನ ಎರಡು ನಿಮಿಷ ಕಾಯಬೇಕು, ಅಷ್ಟೇ. ದೊಡ್ಡ ವಿಮಾನ ಏರುವಾಗ ರೆಕ್ಕೆಯ ತುದಿಗಳಿಂದ ಗಾಳಿ ಸುಳಿಯಾಗಿ ಹಿಂದೆ ಉಳಿಯುತ್ತದೆ. ಕಣ್ಣಿಗೆ ಕಾಣದ ಆ ಸುಳಿಗೆ ಸಣ್ಣ ವಿಮಾನ ಸಿಕ್ಕರೆ ಮಗುಚಿ ಬೀಳಬಹುದು. ಬೈಂದೂರಿನಿಂದ ಹೋಗಿ, ಊರಿಗೆ ದೂರದ ಆ ನಿಲ್ದಾಣದಲ್ಲಿ ಅವರ ಕೈಕೆಳಗೆ ಸೇರಿದ ನನಗೆ ಅವರು ಇದನ್ನು ಕಲಿಸಿದ್ದು ನಮ್ಮ ಮಾತಿನಲ್ಲೇ: "ದೊಡ್ಡವ ಹೋದ್ರೂ ಅವ್ನ್ ಗಾಳಿ ಹೋತಿಲ್ಲ ಮಾರಾಯ. ನಿಲ್ಕ್."

ಅವರೂ ನಮ್ಮ ಕಡೆಯ ಬೀಜಾಡಿಯವರು. ಮದುವೆಯಾಗಿರಲಿಲ್ಲ. ಚಹಾ ಪೂರ್ತಿ ಆರುವ ತನಕ ಮುಟ್ಟುತ್ತಿರಲಿಲ್ಲ. ಅವರ ಜೊತೆ ಕ್ಯಾಂಟೀನಿಗೆ ಹೋದರೆ ಅರ್ಧ ದಿನ ಹೋದ ಹಾಗೆಯೇ. ದಿನವಿಡೀ ಅವಸರದವರ ಸಿಡಿಮಿಡಿ ಕೇಳಿ ಸಂಜೆ ಕುರ್ಚಿಗೊರಗುವಾಗ, ಏನೂ ಆಗದ ಹಾಗೆ ನೋಡಿಕೊಳ್ಳುವುದೇ ನಮ್ಮ ಕೆಲಸ, ಅದನ್ನು ಯಾರಿಗೆ ತೋರಿಸುವುದು ಎನ್ನುತ್ತಿದ್ದರು. ಆ ದಣಿವು ನನಗೂ ಬೇಗ ಹತ್ತಿತು.

ಅವರ ಜೀವವೆಲ್ಲ ಇದ್ದದ್ದು ಹಟ್ಟಿಯಂಗಡಿಯ ಅಕ್ಕ ಜಲಜಕ್ಕನ ಮಗ ಸುಧೀರನ ಮೇಲೆ. ಓದಿಸಿದ್ದೂ ಅವರೇ. ಸುಧೀರ ಒಬ್ಬ ಧಣಿಯ ಸಣ್ಣ ವಿಮಾನಕ್ಕೆ ಪೈಲಟ್ ಆದ. ನನಗೆ ರಜೆಯಿದ್ದ ಒಂದು ದಿನ, ನಮ್ಮ ನಿಲ್ದಾಣದಲ್ಲೇ ಧಣಿಯನ್ನು ಕೂರಿಸಿಕೊಂಡು ದೊಡ್ಡ ವಿಮಾನವೊಂದರ ಹಿಂದೆ ಹೊರಟು ನಿಂತ. ಬೇಗ ಬಿಡಿ ಎಂದು ಕೇಳಿದ. ಮಾವ ಬಿಡಲಿಲ್ಲ. ಅಷ್ಟರಲ್ಲಿ ಇಳಿಯುವ ವಿಮಾನಗಳ ಸಾಲು ಬಂತು, ಆಮೇಲೆ ಇನ್ನೊಂದು ದೊಡ್ಡದು ಏರಿತು. ಸುಧೀರ ಹೊರಡುವಾಗ ಮುಕ್ಕಾಲು ಗಂಟೆ ಕಳೆದಿತ್ತು. ಧಣಿಗೆ ಮುಖ್ಯವಾದ ಸಭೆ ತಪ್ಪಿತು, ಹುಡುಗನಿಗೆ ಕೆಲಸ ಹೋಯಿತು. ಜಲಜಕ್ಕ ತಮ್ಮನೊಂದಿಗೆ ಮಾತು ಬಿಟ್ಟರು. ನಾವೆಲ್ಲ ಮಾತ್ರ, ನಿಯಮವೆಂದರೆ ಅಳಿಯನಿಗೂ ನಿಯಮವೇ ಎಂದು ಅವರನ್ನು ಹೊಗಳಿದ್ದೇ ಹೊಗಳಿದ್ದು. ಅವರು ತಲೆ ತಗ್ಗಿಸಿಕೊಂಡು ಕೇಳುತ್ತಿದ್ದರು.

ನಿವೃತ್ತರಾಗಿ ಬೀಜಾಡಿಗೆ ಬಂದ ಮೇಲೆ ಒಮ್ಮೆ ಹೋಗಿದ್ದೆ. ತುಂಬ ಇಳಿದುಹೋಗಿದ್ದರು. ನಾನು ಹಳೆಯ ಹೊಗಳಿಕೆಯನ್ನೇ ತೆಗೆದೆ. ಕೈ ಅಡ್ಡ ಹಿಡಿದು ತಡೆದರು.

"ರೂಲ್ಸ್ ಎರಡೇ ನಿಮಿಷ. ಅವ್ನನ್ನ್ ನಾನ್ ನಾಲ್ಕ್ ನಿಮಿಷ ನಿಲ್ಸ್ದೆ. ಬೇರೆಯವ ಆದ್ರೆ ಎರಡಕ್ಕೇ ಬಿಡ್ತಿದ್ದೆ, ಆ ಸಾಲ್ ಬಪ್ಪುಕ್ ಮುಂಚೆ ಹೋತಿದ್ದ. ಅಕ್ಕನ್ ಮಗ ಅಲ್ದಾ, ಹೆದ್ರಿಕಿ ಆಯ್ತ್."

ಆಮೇಲೆ ನಾನು ಅವರನ್ನು ನೋಡಲಿಲ್ಲ.

ಅವರು ತೀರಿಕೊಂಡ ಮೇಲೆ ಬೊಜ್ಜದ ಊಟಕ್ಕೆ ಜಲಜಕ್ಕ ಬಂದಿದ್ದರು. ತಮ್ಮನಿಗೆ ತನ್ನ ಮಗನಿಗಿಂತ ರೂಲ್ಸೇ ದೊಡ್ಡದಾಯಿತು ಎಂದು ಈಗಲೂ ದೂರಿದರು. ನನಗೆ ತಡೆಯಲಾಗಲಿಲ್ಲ, ನಾಲ್ಕು ನಿಮಿಷದ ಕತೆಯನ್ನು ಹೇಳಿಬಿಟ್ಟೆ. ಅವರು ಸೆರಗಿನ ತುದಿ ಹಿಂಡಿದರು.

"ಇಷ್ಟ್ ವರ್ಷದಲ್ ನಂಗೆ ಒಂದ್ ಫೋನ್ ಮಾಡಿ ಹೇಳುಕ್ ಆಯ್ಲಿಲ್ಯಾ ಅವ್ನಿಗೆ?"

ಮಾಡುತ್ತಲೇ ಇದ್ದೇನೆ, ಅಕ್ಕ ಎತ್ತುವುದಿಲ್ಲ ಎಂದು ಅವರು ಬೀಜಾಡಿಯಲ್ಲಿ ಆ ದಿನ ನನಗೆ ಹೇಳಿದ್ದರು. ಅದನ್ನು ಮಾತ್ರ ನಾನು ಜಲಜಕ್ಕನಿಗೆ ಹೇಳಲಿಲ್ಲ.