ಎಡಗೈ ಪಿಸ್ತೂಲು

ವಿಲಾಯತಿಯ ಫೆಲ್ಥಮ್‌ನ ಕನ್ನಡದವರಲ್ಲಿ ಯಾರು ಏನೇ ಸಾಮಾನು ತೆಗೆದುಕೊಳ್ಳಲಿ, ಮೊದಲು ನಾಗಲಿಂಗಪ್ಪನಿಗೆ ಫೋನು ಹೋಗಬೇಕು. ಹಳೇ ಕಾರು, ಹೊಸ ಹಾಸಿಗೆ, ಮಿಕ್ಸರ್, ಮಗುವಿನ ತಳ್ಳುಗಾಡಿ, ಯಾವುದಾದರೂ ಸರಿಯೇ. ಅವನು ಬಂದು, ಕನ್ನಡಕ ಹಣೆಗೇರಿಸಿ, ಬೆರಳಿನಿಂದ ಟಕಟಕ ಬಡಿದು, ಎತ್ತಿ ತೂಕ ನೋಡಿ, "ಹೂಂ, ಗಟ್ಟಿ ಐತಿ, ತಗೋರಿ" ಅಂದರೆ ಮುಗಿಯಿತು, ಅದರ ಮೇಲೆ ಅಪೀಲಿಲ್ಲ. ವಿಮಾನ ನಿಲ್ದಾಣದಲ್ಲಿ ಇಪ್ಪತ್ತಾರು ವರ್ಷ ಕಂಡವರ ಪೆಟ್ಟಿಗೆ ಎತ್ತಿದವನು. ಕೈಗೆ ಬಂದ ವಸ್ತುವಿನ ಗುಣ ಹೇಳುವುದಕ್ಕೆ ಅದಕ್ಕಿಂತ ದೊಡ್ಡ ಕಾಲೇಜು ಎಲ್ಲಿದೆ ಎಂಬುದು ಅವನ ಗರ್ವ. ಇರಲಿ ಬಿಡಿ, ಸಿಂದಗಿಯಿಂದ ಬಂದು ಇಷ್ಟು ವರ್ಷ ದುಡಿದ ಮನುಷ್ಯನಿಗೆ ಅಷ್ಟೂ ಗರ್ವ ಬೇಡವೇ? ಆದರೆ ಒಂದು ಭಾನುವಾರ, ಚರ್ಚಿನ ಹಿಂದಿನ ಹಾಲ್‌ನಲ್ಲಿ, ನಾಲ್ಕು ಪಿಸ್ತೂಲುಗಳ ಮುಂದೆ ಆ ಗರ್ವ ಮಣ್ಣು ಮುಕ್ಕಿತು.

ಪಿಸ್ತೂಲು ಎಂದಾಕ್ಷಣ ಗಾಬರಿಯಾಗಬೇಡಿ. ಈ ದೇಶದಲ್ಲಿ ಸಾಮಾನ್ಯ ಜನ ನಿಜವಾದ ಪಿಸ್ತೂಲು ಇಟ್ಟುಕೊಳ್ಳುವಂತಿಲ್ಲ. ಗುರಿ ಹೊಡೆಯುವ ಆಟ ಕಲಿಯುವವರಿಗೆ ಇರುವುದು ಗಾಳಿ ಪಿಸ್ತೂಲು. ಗಾಳಿಯ ಒತ್ತಡಕ್ಕೆ ಕಡಲೆಕಾಳಿಗಿಂತ ಚಿಕ್ಕದೊಂದು ಸೀಸದ ಗುಂಡು ಹಾರಿ ಹತ್ತು ಮೀಟರ್ ಆಚೆಯ ಕಾಗದಕ್ಕೆ ತೂತು ಮಾಡುತ್ತದೆ, ಅಷ್ಟೇ. ನಾಗಲಿಂಗಪ್ಪನ ಒಬ್ಬಳೇ ಮಗಳು ಸೌಂದರ್ಯಾ ನಾಲ್ಕು ತಿಂಗಳಿಂದ ಆ ಹಾಲ್‌ನಲ್ಲಿ ನಡೆಯುವ ಗುರಿ ಕ್ಲಬ್ಬಿಗೆ ಹೋಗುತ್ತಿದ್ದಳು. ಇಪ್ಪತ್ತನಾಲ್ಕರ ಹುಡುಗಿ, ಔಷಧಿ ಅಂಗಡಿಯಲ್ಲಿ ಕೆಲಸ. ಕ್ಲಬ್ಬಿನ ಪಿಸ್ತೂಲಿನಲ್ಲೇ ಕಲಿಯುತ್ತಿದ್ದವಳಿಗೆ, ಅಲ್ಲಿ ಕಲಿಸುವ ಡೋರೀನ್ ಎಂಬ ಮುದುಕಿ, ಇನ್ನು ನಿನ್ನದೇ ಒಂದು ತಗೋ ಎಂದಿದ್ದಳು.

"ನನ್ನ ಬಿಟ್ಟು ಸಾಮಾನು ತರಾಕ ಹೊಂಟೀ ಏನ್?" ಎಂದು ನಾಗಲಿಂಗಪ್ಪ ಕಾರಿನ ಕೀಲಿ ಎತ್ತಿಕೊಂಡ.

"ಅಪ್ಪಾ, ಇಟ್ಸ್ ಫೈನ್. ನಾನೇ ಹೋಗ್ತೇನ್ರಿ."

"ನಿನ್ನ ಕೈಯಾಗ ಕೊಟ್ಟದ್ದು ಯಾವುದು ಉಳದೈತಿ, ಯವ್ವಾ? ಪಿಸ್ತೂಲಾದ್ರೂ ಉಳೀಲಿ, ನಡಿ."

ಅದು ಮನೆಯ ಹಳೇ ಜೋಕು. ಸೌಂದರ್ಯಾಳ ಕೈಯಿಂದ ತಟ್ಟೆ ಬೀಳುತ್ತದೆ, ಲೋಟ ಬೀಳುತ್ತದೆ, ಫೋನು ಬೀಳುತ್ತದೆ. ಊರಿನ ಇನ್ನೊಂದು ತುದಿಯ ಕೆಂಟನ್‌ನಲ್ಲಿ ಯಾವ ಕನ್ನಡದವರ ಮನೆಯ ಊಟಕ್ಕೆ ಹೋದರೂ ನಾಗಲಿಂಗಪ್ಪ, "ಆಕಿ ಕೈಯಾಗ ಗಾಜಿಂದು ಕೊಡಬ್ಯಾಡ್ರಿ, ಸ್ಟೀಲಿಂದು ಕೊಡ್ರಿ" ಎನ್ನುವನು. ಎಲ್ಲರೂ ನಗುವರು. ಅವಳೂ ನಗುವಳು.

ಡೋರೀನ್‌ಗೆ ಎಪ್ಪತ್ತು ದಾಟಿತ್ತು. ಆಯುಷ್ಯವೆಲ್ಲ ಮನೆಮನೆಗೆ ಟಪಾಲು ಹಂಚಿದ ಹೆಂಗಸು, ಕಿವಿಯ ಮೇಲೆ ಪೆನ್ಸಿಲ್ಲು, ಮಾತು ಖಡಕ್. ಅಂಗಡಿಯವನಿಂದ ನಾಲ್ಕು ಪೆಟ್ಟಿಗೆ ತರಿಸಿ ಮೇಜಿನ ಮೇಲೆ ಇಟ್ಟಿದ್ದಳು. ಮೂರು ತೆರೆದಿದ್ದವು, ಒಂದು ಮುಚ್ಚಿತ್ತು. ನಾಗಲಿಂಗಪ್ಪ ಬಂದವನೇ ಒಂದೊಂದನ್ನೂ ಎತ್ತಿ, ಎಲ್ಲಕ್ಕಿಂತ ಭಾರದ್ದನ್ನು ಟಕಟಕ ಬಡಿದು, "ದಿಸ್ ಒನ್. ಸ್ಟ್ರಾಂಗ್" ಎಂದ.

"ತೂಕ ನೋಡಿ ತಗೊಳ್ಳೋಕೆ ಇದೇನು ಆಲೂಗಡ್ಡೆಯೇ?" ಎಂದಳು ಡೋರೀನ್. ಹೊಸಬರಿಗೆ ಭಾರದ್ದು ಬೇಡ, ಹತ್ತು ಸಲ ಎತ್ತುವುದರೊಳಗೆ ಭುಜ ಸೋಲುತ್ತದೆ. ಕಂಪನಿಯ ಹೆಸರು, ಬಣ್ಣ ಯಾವುದೂ ಬೇಡ. ಮೊದಲ ಪಿಸ್ತೂಲಿನಲ್ಲಿ ನೋಡಬೇಕಾದ್ದು ಒಂದೇ, ಹಿಡಿ. ಕಟ್ಟಿಗೆಯಲ್ಲಿ ಕೆತ್ತಿದ ಆ ಹಿಡಿ ಅಂಗೈಗೆ ಪೂರಾ ಕೂಡಬೇಕು. ಕಣ್ಣು ಮುಚ್ಚಿ ಹಿಡಿದರೆ ಪರಿಚಯದವರ ಕೈ ಕುಲುಕಿದ ಹಾಗಿರಬೇಕು. ಅವಳು ಇದನ್ನೆಲ್ಲ ಸೌಂದರ್ಯಾಳಿಗೆ ಹೇಳಿದಳು, ನಾಗಲಿಂಗಪ್ಪನ ಕಡೆ ತಿರುಗಿಯೂ ನೋಡಲಿಲ್ಲ.

ಸೌಂದರ್ಯಾ ಬಲಗೈಯಲ್ಲಿ ಹಿಡಿದು ಐದು ಗುಂಡು ಹೊಡೆದಳು. ಕಾಗದದ ಮೇಲೆ ತೂತುಗಳು ಅಂಗಳದಲ್ಲಿ ಚೆಲ್ಲಿದ ಜೋಳದ ಹಾಗೆ ಬಿದ್ದವು. ಎರಡನೆಯದರಲ್ಲಿ ಹೊಡೆದಳು, ಅದೇ ಕತೆ. ಡೋರೀನ್ ಕಿವಿಯ ಪೆನ್ಸಿಲ್ಲು ತೆಗೆದು ಗಲ್ಲ ಕೆರೆದುಕೊಂಡಳು. ಆಮೇಲೆ, ಎರಡೂ ಕೈ ಮುಂದೆ ಚಾಚಿ, ಅಂಗೈಗಳ ನಡುವೆ ಸಣ್ಣ ಕಿಂಡಿ ಮಾಡಿ, ಅದರೊಳಗಿಂದ ಗೋಡೆಯ ಗಡಿಯಾರ ನೋಡು ಎಂದಳು. ಈಗ ಬಲಗಣ್ಣು ಮುಚ್ಚು. ಗಡಿಯಾರ ಇದೆಯೇ? ಇತ್ತು. ಈಗ ಎಡಗಣ್ಣು ಮುಚ್ಚು. ಗಡಿಯಾರ ಮಾಯವಾಯಿತು.

"ನಿನ್ನ ಯಜಮಾನ ಕಣ್ಣು ಎಡಗಡೆಯದು" ಎಂದಳು ಡೋರೀನ್. "ಗುರಿ ಹಿಡಿಯೋದು ಅದೇ. ನೀನು ಬರೆಯೋದು ಯಾವ ಕೈಯಲ್ಲಿ, ಮಗೂ?"

ಮಗಳು ಬಾಯಿ ತೆರೆಯುವ ಮೊದಲೇ ನಾಗಲಿಂಗಪ್ಪ ಕೂಗಿದ. "ರೈಟ್! ರೈಟ್ ಹ್ಯಾಂಡ್! ಬಾರ್ನ್ ರೈಟ್!"

ಪಕ್ಕದಲ್ಲಿ ಗುರಿ ಹಿಡಿದು ನಿಂತಿದ್ದವನು ಪಿಸ್ತೂಲು ಇಳಿಸಿ ಇತ್ತ ನೋಡಿದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಅಲ್ಲಿ ಇನ್ನೂ ಯಾರೂ ಕಳ್ಳ ಎಂದಿರಲೂ ಇಲ್ಲ.

ಡೋರೀನ್ ಮುಚ್ಚಿದ್ದ ನಾಲ್ಕನೆಯ ಪೆಟ್ಟಿಗೆ ತೆರೆದಳು. ಒಳಗಿದ್ದ ಪಿಸ್ತೂಲಿನ ಹಿಡಿ ಎಡಗೈಗೆಂದೇ ಕೆತ್ತಿದ್ದು. "ಸುಮ್ಮನೆ ಒಂದು ಸಲ ಹಿಡಿದು ನೋಡು. ಇಲ್ಲಿ ಯಾರೂ ಬೈಯೋದಿಲ್ಲ."

ಸೌಂದರ್ಯಾಳ ಎಡಗೈ ಮೇಜಿನ ಅಂಚಿನವರೆಗೆ ಬಂತು. ಅಲ್ಲೇ ನಿಂತಿತು. ಅವಳು ಅಪ್ಪನ ಮುಖ ನೋಡಿದಳು, ಮತ್ತೆ ಕೈಯನ್ನು ಮೆಲ್ಲಗೆ ಸ್ವೆಟರಿನ ತೋಳಿನೊಳಗೆ ಎಳೆದುಕೊಂಡಳು. ಬೆರಳ ತುದಿಯೂ ಕಾಣದ ಹಾಗೆ.

ಆ ಕೈ ಎಳೆದುಕೊಳ್ಳುವುದನ್ನು ನಾಗಲಿಂಗಪ್ಪ ಇಪ್ಪತ್ತು ವರ್ಷದ ಹಿಂದೆ ನೋಡಿದ್ದ. ನೋಡಿದ್ದೇನು ಬಂತು, ಕಲಿಸಿದವನೇ ಅವನು.

ಆಗ ಅವಳಿಗೆ ನಾಲ್ಕು ವರ್ಷ. ಕೆಂಟನ್‌ನ ಹಾಲ್‌ನಲ್ಲಿ ಬಸವ ಜಯಂತಿ. ಪ್ರಸಾದಕ್ಕೆ ಕೂಸು ಎಡಗೈ ಚಾಚಿತು. ಬೆಳಗಾವಿ ಕಡೆಯ ಹಿರಿಯನೊಬ್ಬ, "ಎಡಚಿ ಹುಟ್ಯಾಳಲ್ಲೋ ನಾಗಲಿಂಗಪ್ಪಾ! ನಾಳೆ ಅತ್ತಿ ಮನ್ಯಾಗ ಎಡಗೈಲೆ ಬಡಸ್ತಾಳೇನು?" ಎಂದ. ಇಡೀ ಸಾಲು ನಕ್ಕಿತು. ಮಂದಿ ನಕ್ಕರು ಎಂಬುದಷ್ಟೇ ಸಾಕಾಯಿತು ಈ ಮಹಾಶಯನಿಗೆ. ಮರುದಿನದಿಂದ ಊಟದ ಹೊತ್ತಿಗೆ ಕೂಸಿನ ಎಡಗೈಗೆ ಕೆಂಪು ಉಣ್ಣೆಯ ಗವಸು ಹಾಕಿ, ಮಣಿಕಟ್ಟಿಗೆ ದಾರ ಸುತ್ತಿ ಗಂಟು ಹಾಕುತ್ತಿದ್ದ. ಚಿತ್ರ ಬಿಡಿಸುವಾಗಲೂ ಗವಸು, ಬರೆಯುವಾಗಲೂ ಗವಸು. ಬೇಸಿಗೆಯಲ್ಲೂ ಬಿಡಲಿಲ್ಲ. ಕೂಸು ಅತ್ತರೆ, "ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇನು?" ಎಂದು ಗಾದೆ ಬೇರೆ. ಆ ಗಾದೆ ಕಟ್ಟಿದವನನ್ನು ಕರೆತಂದು ಜುಲೈ ತಿಂಗಳಲ್ಲಿ ಅವನ ಕೈಗೇ ಆ ಗವಸು ಹಾಕಬೇಕಿತ್ತು. ಮಗು ಶಾಲೆಯಲ್ಲಿ ಎಡಗೈಯನ್ನು ತೋಳಿನೊಳಗೆ ಬಚ್ಚಿಡುತ್ತಾಳೆ, ಯಾಕೆ ಎಂದು ಟೀಚರ್ ಕೇಳಿದಾಗ, "ಎಕ್ಸಿಮಾ" ಎಂದು ಇಲ್ಲದ ಚರ್ಮರೋಗದ ಸುಳ್ಳು ಹೇಳಿ ಬಂದಿದ್ದ.

ಈಗಲೂ ಅವನು, "ಹಿಡಿ ಯವ್ವಾ" ಎನ್ನಬಹುದಿತ್ತು. ಎರಡೇ ಮಾತು. ಅನ್ನಲಿಲ್ಲ. ಬಲಗೈಯದನ್ನೇ ಎತ್ತಿ, "ವಿ ಟೇಕ್ ದಿಸ್" ಎಂದ. ಮುಂದಿನ ಭಾನುವಾರದವರೆಗೆ ಬದಲಾಯಿಸಬಹುದು ಎಂದು ಡೋರೀನ್ ಅವನಿಗಲ್ಲ, ಅವನ ಮಗಳಿಗೆ ಹೇಳಿದಳು.

ಸೌಂದರ್ಯಾ ಆ ಪೆಟ್ಟಿಗೆ ತೆರೆಯಲಿಲ್ಲ. ಅದು ಮೆಟ್ಟಿಲ ಕೆಳಗಿನ ಗೂಡಿನಲ್ಲೇ ಬೀಗ ಹಾಕಿಸಿಕೊಂಡು ಕುಳಿತಿತ್ತು. ಬುಧವಾರ ಸಂಜೆ ನಾಗಲಿಂಗಪ್ಪ ಕೆಲಸದಿಂದ ಬಂದು ಬೂಟು ಬಿಚ್ಚುತ್ತಿರುವಾಗ ಅಡುಗೆಮನೆಯಲ್ಲಿ ಅವಳು ತಾಯಿಗೆ ಹೇಳುವುದು ಕೇಳಿಸಿತು. "ಐ ಥಿಂಕ್ ಐ'ಲ್ ಸ್ಟಾಪ್, ಅವ್ವಾ. ಮೈ ಹ್ಯಾಂಡ್ಸ್ ಆರ್ ಜಸ್ಟ್ ಯೂಸ್‌ಲೆಸ್. ಅಪ್ಪ ಹೇಳೂದು ಖರೇ ಐತಿ."

ಅಪ್ಪ ಹೇಳೂದು ಖರೇ ಐತಿ. ಬೂಟಿನ ಲೇಸು ಹಿಡಿದುಕೊಂಡೇ ಅವನು ಕುಳಿತ. ಕೈ ತಾನೇ ಕಟ್ಟಿ, ಆಮೇಲೆ ಅವಳ ಇನ್ನೊಂದು ಕೈಯಿಂದ ಲೋಟ ಬಿತ್ತು ಎಂದು ಊರ ಮುಂದೆ ನಗೆಯಾಡಿದ್ದ. ಮಗಳು ಅದನ್ನು ನಂಬಿದ್ದಳು. ನೆಲ ಬಾಯಿ ಬಿಡಬಾರದೇ ಅನ್ನಿಸಿತು ಅವನಿಗೆ.

ಮಗಳು ಮಹಡಿ ಹತ್ತಿ ಹೋದ ಮೇಲೆ ಅವನು ಒಳಗೆ ಬಂದ. ಹೆಂಡತಿ ಚಂದ್ರವ್ವ ರೊಟ್ಟಿ ಬಡಿಯುತ್ತಿದ್ದಳು. ಅವಳಿಗೆ ಎಲ್ಲ ತಿಳಿದಿತ್ತು ಎಂಬುದು ರೊಟ್ಟಿ ಬಡಿಯುವ ಸದ್ದಿನಲ್ಲೇ ಗೊತ್ತಾಗುತ್ತಿತ್ತು.

"ನಾ ಆವಾಗ ಆಕಿ ಚಲೋದಕ್ಕ ಮಾಡಿದ್ನಿ, ಚಂದ್ರವ್ವ."

"ಚಲೋದಕ್ಕ!" ರೊಟ್ಟಿ ಹಂಚಿಗೆ ಬಿತ್ತು. "ಎಡಗೈ ಹೊಲಸು ಅಂತ ಕೂಸಿನ ಕೈ ಕಟ್ಟಿದ್ರಿ. ದಿನಾ ಮುಂಜಾನೆ ಲಿಂಗ ಯಾವ ಕೈಯಾಗ ಇಟ್ಕೊಂಡು ಪೂಜಿ ಮಾಡ್ತೀರಿ? ಹೇಳ್ರಿ ನೋಡೋಣ. ಆವತ್ತ ಕೇಳಬೇಕಂತ ಬಂದಿದ್ನಿ, ಬಾಯಿ ಮುಚ್ಚು ಅಂದ್ರಿ. ನಾನೂ ಮುಚ್ಚಿದ್ನಿ. ಅದು ನನ್ನ ತಪ್ಪು."

ಮರುದಿನ ಸ್ನಾನ ಮಾಡಿ, ಹಣೆಗೆ ವಿಭೂತಿ ಹಚ್ಚಿ, ಕೊರಳ ಇಷ್ಟಲಿಂಗ ತೆಗೆದು ಅಂಗೈಯಲ್ಲಿ ಇಟ್ಟುಕೊಂಡ. ಎಡ ಅಂಗೈಯಲ್ಲಿ. ಹನ್ನೆರಡು ವರ್ಷದವನಿದ್ದಾಗಿನಿಂದ ಹಾಗೇ ಇಟ್ಟುಕೊಂಡಿದ್ದಾನೆ, ದೃಷ್ಟಿ ಕದಲಿಸದೆ ನೋಡಿದ್ದಾನೆ. ಅಂದು ಲಿಂಗ ಕಾಣಲಿಲ್ಲ, ಕೈಯೇ ಕಂಡಿತು. ಕೂಸಿನ ಕೈಗೆ ಸುತ್ತಿದ ದಾರ ಕಂಡಿತು. ಬಲಗೈ ಕೆಳಗೆ ಕೊಟ್ಟು ಎಡಗೈಯನ್ನು ಹಿಡಿದುಕೊಂಡ. ಅರವತ್ತೊಂದು ವರ್ಷದ ಗಂಡಸು ಸ್ನಾನದ ಪಂಚೆಯಲ್ಲೇ ಕುಳಿತು ಮೂಗು ಒರೆಸಿಕೊಂಡ.

ಭಾನುವಾರ ಕಾರು ಹತ್ತುವ ಮೊದಲು ಮಗಳಿಗೆ ಹೇಳಬೇಕೆಂದು ಮಾತು ಜೋಡಿಸಿಕೊಂಡಿದ್ದ. ಪೆಟ್ಟಿಗೆ ವಾಪಸು ಕೊಟ್ಟು ಬರೋಣ ಎಂದು ಅವಳು ಕಾರಿನಲ್ಲಿ ಕುಳಿತಳು. ಇವನು ದಾರಿಯುದ್ದಕ್ಕೂ ಟ್ರಾಫಿಕ್ಕಿಗೆ ಬೈದ. ಹಾಲ್‌ನ ಬಾಗಿಲವರೆಗೂ ಬೈದ. ಒಳಗೆ ಹೋಗಿ, ಪೆಟ್ಟಿಗೆ ಮೇಜಿನ ಮೇಲಿಟ್ಟು, ಏಳೆಂಟು ಮಂದಿಯ ಎದುರಿಗೆ ಡೋರೀನ್‌ಗೆ ತನ್ನ ಹರಕು ಇಂಗ್ಲಿಷಿನಲ್ಲಿ ಹೇಳಿದ. ಲಾಸ್ಟ್ ವೀಕ್ ಐ ಟೋಲ್ಡ್ ಲೈ. ಶಿ ಬಾರ್ನ್ ಲೆಫ್ಟ್. ಐ ಟೈಡ್ ಹರ್ ಹ್ಯಾಂಡ್. ಟೂ ಇಯರ್ಸ್.

ಆಮೇಲೆ ಮಗಳ ಕಡೆ ತಿರುಗಿದ. ಕನ್ನಡದಲ್ಲಿ ಇನ್ನೂ ಕಷ್ಟವಾಯಿತು. "ತಪ್ಪಾತು ಯವ್ವಾ. ನಿನ್ನ ಕೈಯಾಗ ಏನೂ ಐಬಿಲ್ಲ. ಕಟ್ಟಿದಾಂವ ನಾನು."

ಸೌಂದರ್ಯಾ ನೆಲ ನೋಡಿದಳು. "ಐ ರಿಮೆಂಬರ್ ದ ಗ್ಲವ್, ಅಪ್ಪಾ" ಎಂದಳು. "ಇಟ್ ವಾಸ್ ರೆಡ್. ನಾ ಇನ್ನೂ ಬಾತ್‌ರೂಮ್ ಬಾಗಿಲ ಹಾಕ್ಕೊಂಡು ಈ ಕೈಲೆ ಹಲ್ಲು ತಿಕ್ಕತೇನಿ."

ಡೋರೀನ್ ಒಳಗೆ ಹೋಗಿ ನಾಲ್ಕನೆಯ ಪೆಟ್ಟಿಗೆ ತಂದು ತೆರೆದಿಟ್ಟಳು.

ಸೌಂದರ್ಯಾ ತೋಳು ಮೇಲಕ್ಕೆ ಸರಿಸಿದಳು. ಎಡಗೈ ಹಿಡಿಯ ಮೇಲೆ ಇಟ್ಟಳು. ಬೆರಳುಗಳು ಒಂದೊಂದಾಗಿ ತಮ್ಮ ಜಾಗಕ್ಕೆ ಹೋಗಿ ಕೂತವು. ನಾಗಲಿಂಗಪ್ಪ ಕಣ್ಣು ಕೀಳದೆ ನೋಡುತ್ತಿದ್ದ. ಅವಳು ಕೈ ಎತ್ತಲು ಹೋದಳು, ಇಳಿಸಿದಳು. ಮತ್ತೆ ಎತ್ತಲು ಹೋದಳು, ಇಳಿಸಿದಳು. ಕುತ್ತಿಗೆ ಕೆಂಪಾಯಿತು.

"ಅಪ್ಪಾ" ಎಂದಳು ಮೆಲ್ಲಗೆ. "ನೀವು ಸ್ವಲ್ಪ ಆ ಕಡೆ ಮುಖ ಮಾಡ್ರಿ. ನೀವು ನೋಡಾಕತ್ತಿದ್ರ ನನಗ ಈ ಕೈ ಎತ್ತಾಕ ಆಗೂದಿಲ್ಲ."

ನಾಗಲಿಂಗಪ್ಪ ಗೋಡೆಯ ಕಡೆ ತಿರುಗಿದ. ಅಲ್ಲಿ ಕ್ಲಬ್ಬಿನ ನಿಯಮಗಳ ಕಾಗದ ಇತ್ತು, ಈ ವಾರ ಚಹಾ ಮಾಡುವವರ ಹೆಸರುಗಳಿದ್ದವು. ಊರಿನವರ ಸಾಮಾನನ್ನೆಲ್ಲ ಬಡಿದು, ತೂಗಿ, ನೋಡಿದ ಮನುಷ್ಯ ಆ ಹೆಸರುಗಳನ್ನು ಓದುತ್ತ ನಿಂತ. ಹಿಂದೆ ಟಪ್ ಎಂದು ಸದ್ದಾಯಿತು. ಸ್ವಲ್ಪ ಬಿಟ್ಟು ಇನ್ನೊಂದು. ಮತ್ತೊಂದು. ಹಾಲ್‌ನಲ್ಲಿ ಯಾರೋ ಸಿಳ್ಳೆ ಹಾಕಿದರು. "ನೋಡಿ ಇದನ್ನ, ಎಲ್ಲ ಒಂದೇ ಕಡೆ!" ಎಂದಳು ಡೋರೀನ್.

"ತಿರುಗ್ಲೇನವ್ವಾ?" ಎಂದು ಗೋಡೆಗೆ ಮುಖ ಮಾಡಿಕೊಂಡೇ ಅವನು ಕೇಳಿದ.

"ಇನ್ನೂ ಬ್ಯಾಡ್ರಿ ಅಪ್ಪಾ."

ಅವಳು ನಗುತ್ತಿದ್ದಾಳೆಂದು ದನಿಯಲ್ಲೇ ತಿಳಿಯುತ್ತಿತ್ತು. ನಾಗಲಿಂಗಪ್ಪ ತಿರುಗಲಿಲ್ಲ.