ದೂಮಣ್ಣನಿಗೆ ಒಳಗೆ ಹಾಕಿದ ಬಾಳೆಲೆ

ದೂಮಣ್ಣ, ಆ ದಿನ ನಿಮಗೆ ಸುಳ್ಳು ಹೇಳಿದ್ದು ನಾನು. ಸಭೆ ನಮ್ಮ ಮನೆಯಲ್ಲಿ ಇರಲಿಲ್ಲ. ಪೇಟೆಯ ಅಡಿಕೆ ಮಂಡಿಯ ಮಾಳಿಗೆಯಲ್ಲಿ ಆಗಲೇ ಶುರುವಾಗಿತ್ತು. ಅದು ನನಗೆ ಗೊತ್ತಿತ್ತು — ಗೊತ್ತಿದ್ದೇ ನಿಮಗೆ ಬಾಳೆಲೆ ಹಾಕಿದೆ.

ನೀವು ತೀರಿಹೋದ ಮೇಲೆ ಹೇಳುವುದು ಸುಲಭ. ಆದರೆ ನಮ್ಮ ಯಜಮಾನರಿದ್ದಾರೆ, ಅವರ ಪಕ್ಷವಿದೆ. ಇದನ್ನು ಓದುತ್ತಾರೆ. ಓದಲಿ.

ಪಕ್ಷದ ತಾಲೂಕು ಸಭೆಗಳೆಲ್ಲ ಪುತ್ತೂರಿನ ನಮ್ಮ ಜಗಲಿಯಲ್ಲೇ ಆಗುತ್ತಿದ್ದವು. ನಾನು ಬಾಗಿಲ ಹಿಂದೆ. ಬರುವವರೆಲ್ಲ ಭೂಮಿಯ ಧಣಿಗಳು. ಖಾದಿಗೆ ಎಷ್ಟು ಗಂಜಿ ಹಾಕಿಸುತ್ತಿದ್ದರೆಂದರೆ, ಅವರು ಕೂತಾಗ ಬಟ್ಟೆ ಮುರಿಯುವ ಸದ್ದು ಒಳಗೆ ಕೇಳಿಸುತ್ತಿತ್ತು. ಅವರ ನಡುವೆ ಕಾಣಿಯೂರಿನ ಗೇಣಿ ಒಕ್ಕಲು ನೀವೊಬ್ಬರು. ಸ್ವಾತಂತ್ರ್ಯಕ್ಕಾಗಿ ಅವರೆಲ್ಲರಿಗಿಂತ ಹೆಚ್ಚು ಕಾಲ ಜೈಲಿನಲ್ಲಿದ್ದವರು. ಹಾಗಾಗಿ ಹೊರಹಾಕಲೂ ಆಗದವರು. ಪ್ರತಿ ಸಭೆಯ ಕೊನೆಗೆ ಎದ್ದು ಒಂದೇ ಮಾತು ಕೇಳುತ್ತಿದ್ದಿರಿ: "ಒಕ್ಕಲನ್ನು ಭೂಮಿಯಿಂದ ಎಬ್ಬಿಸುದಿಲ್ಲ ಅಂತ ನಾವು ಕೊಟ್ಟ ಮಾತು ಎಂತ ಆಯ್ತು?"

ಆಗ ಎಲ್ಲರ ಕೈ ವೀಳ್ಯದ ಹರಿವಾಣಕ್ಕೆ ಹೋಗುತ್ತಿತ್ತು. ಬಾಯಿ ತುಂಬ ಎಲೆಯಡಿಕೆ ಇದ್ದರೆ ಉತ್ತರ ಕೊಡಬೇಕಾಗಿಲ್ಲವಲ್ಲ. ಸಭೆ ಮುಗಿದ ಮೇಲೆ ಗುಡಿಸುವವಳು ನಾನು. ಕಿತ್ತೆಸೆದ ತೊಟ್ಟುಗಳನ್ನು ನೋಡಿ ಯಾರು ಎಷ್ಟು ಹೇಡಿ ಎಂದು ಹೇಳಬಲ್ಲೆ. ನಮ್ಮ ಯಜಮಾನರ ಮುಂದೆ ಯಾವಾಗಲೂ ದೊಡ್ಡ ರಾಶಿ.

ಆ ವರ್ಷ ಚುನಾವಣೆಗೆ ತಾಲೂಕಿನಿಂದ ಒಂದು ಹೆಸರು ಕಳುಹಿಸಬೇಕಿತ್ತು. ಎಳೆಯ ಸದಸ್ಯರು ನಿಮ್ಮ ಹೆಸರೆತ್ತಿದ್ದರು. ನೀವು ಎದುರು ಕೂತಿದ್ದರೆ ಬೇಡ ಎನ್ನುವ ಗಂಡಸು ಅಲ್ಲಿ ಒಬ್ಬನೂ ಇರಲಿಲ್ಲ. ಆದ್ದರಿಂದ ನೀವು ಎದುರಿಗಿರಬಾರದು — ಇಷ್ಟೇ ಅವರ ರಾಜಕೀಯ. ಬೆಳಿಗ್ಗೆ ನಮ್ಮವರು ಶಾಲು ಹೊದೆಯುತ್ತಾ ಹೇಳಿದರು: "ಸಭೆ ಮಂಡಿಗೆ ಬದಲಾದ್ದು ದೂಮನಿಗೆ ಗೊತ್ತಿಲ್ಲ. ಬಂದರೆ ಊಟಕ್ಕೆ ಕೂರಿಸು. ಒಳಗೇ ಕೂರಿಸು. ಮತ್ತೆ ಅವ ಊಟದ ನಡುವಿನಿಂದ ಏಳುದಿಲ್ಲ."

ಒಳಗೇ — ನಮ್ಮದು ಬ್ರಾಹ್ಮಣರ ಮನೆ. ಅಷ್ಟು ವರ್ಷ ನಿಮಗೆ ಜಗಲಿಯ ತುದಿಯಲ್ಲಿ ಊಟ. ಉಂಡ ಮೇಲೆ ನಿಮ್ಮ ಬಾಳೆಲೆ ನೀವೇ ತೆಗೆದು, ಕೂತ ಜಾಗಕ್ಕೆ ಸೆಗಣಿ ಸಾರಿಸಬೇಕು. ಸಮಾನತೆಯ ಭಾಷಣ ಮಾಡಿದ ಬಾಯಿಗಳು ಅದೇ ಹೊತ್ತಿಗೆ ಒಳಗೆ ಪಂಕ್ತಿಯಲ್ಲಿ ತುಪ್ಪಕ್ಕೆ ಕಾಯುತ್ತಿದ್ದವು.

ನೀವು ಬಸ್ಸಿಳಿದು ಬಂದಿರಿ. ಬೆಲ್ಲ ನೀರು ಕೊಟ್ಟೆ. "ಯಾರೂ ಕಾಣುದಿಲ್ಲ ಅಲ್ಲವಾ ಅಮ್ಮ?" ಎಂದಿರಿ.

"ಸಭೆ ಇಲ್ಲಿಯೇ. ಎಲ್ಲರೂ ಬರುವಾಗ ತಡ ಆಗ್ತದಂತೆ. ನೀವು ಒಳಗೆ ಬನ್ನಿ, ಊಟ ಮಾಡಿ."

ಸುಳ್ಳು ಹೇಳಬಾರದೆಂದು ಕಾನ್ವೆಂಟಿನ ಸಿಸ್ಟರುಗಳು ಕಲಿಸಿದ್ದರು. ನಾನು ಕಲಿತದ್ದು ಅದನ್ನು ತಗ್ಗಿದ ದನಿಯಲ್ಲಿ ಹೇಳುವುದನ್ನು.

ನೀವು ಹೊಸ್ತಿಲ ಬಳಿ ನಿಂತಿರಿ. ಹಿಂದೆ ಹೋಗಿ ಇನ್ನೊಮ್ಮೆ ಕಾಲು ತೊಳೆದು ಬಂದಿರಿ. ಅಂಗಿಯ ಕಂಕುಳು ಹರಿದದ್ದು ಕಾಣದಂತೆ ಕೈ ಒತ್ತಿಕೊಂಡು ಕೂತಿರಿ. "ನಮ್ಮ ಪಕ್ಷ ನಿಧಾನ ಹೌದು ಅಮ್ಮ, ಆದರೆ ಬದಲಾಗ್ತಾ ಉಂಟು. ಹುಡುಗರಿಗೆ ನಾನು ಹೇಳುದು ಅದನ್ನೇ — ಬಿಟ್ಟು ಹೋಗ್ಬೇಡಿ, ಇದ್ದುಕೊಂಡೇ ಕೇಳ್ಬೇಕು." ನಿಮ್ಮ ಕಣ್ಣಿನಲ್ಲಿ ನೀರಿತ್ತೋ, ಹೊಗೆಯೋ... ನಾನು ನೋಡಲಿಲ್ಲ. ನೋಡಲು ಧೈರ್ಯವಿರಲಿಲ್ಲ.

ಪಾಯಸ ಇನ್ನೂ ಬೆಂದಿಲ್ಲ ಎಂದೆ. ಬೇಯದಿರಲೆಂದು ಒಲೆಯಿಂದ ಸೌದೆ ಹಿಂದಕ್ಕೆಳೆದವಳೂ ನಾನೇ.

ನೀವು ಬಾಳೆಲೆಯ ಮುಂದಿರುವಾಗಲೇ ಅವರೆಲ್ಲ ಬಂದರು. "ಎಂತ ಮಾರಾಯ ದೂಮ, ಮಂಡಿಯಲ್ಲಿ ನಿನ್ನನ್ನು ಕಾದು ಕಾದು ಸಾಕಾಯ್ತು!" ಎಂದರು ನಮ್ಮವರು. ಹಿಂದಿನಿಂದ ಇನ್ನೊಬ್ಬ: "ಪಾಯಸ ಸಿಕ್ಕಿದ ಮೇಲೆ ಸೀಟು ಎಂತಕ್ಕೆ ಮಾರಾಯ್ರೆ!" ಎಲ್ಲರೂ ನಕ್ಕರು. ಚುನಾವಣೆಗೆ ನಮ್ಮವರ ಹೆಸರನ್ನೇ ಕಳುಹಿಸಿದ್ದರು. ಒಮ್ಮತದಿಂದ.

ನೀವು ನನ್ನ ಮುಖ ನೋಡಿದಿರಿ. ಬಾಳೆಲೆ ಮಡಚಿ ಎತ್ತಿದಿರಿ.

"ಅದು ಅಲ್ಲೇ ಇರಲಿ ದೂಮಣ್ಣ."

"ಬೇಡ ಅಮ್ಮ. ಇದ್ದ ಕ್ರಮವೇ ಇರ್ಲಿ. ಸ್ವಲ್ಪ ಸೆಗಣಿ ಕೊಡಿ."

ನಾನು — ತಂದುಕೊಟ್ಟೆ. ನೀವು ಕೂತ ಜಾಗ ಸಾರಿಸಿ, ಹಿತ್ತಿಲ ಬಾಗಿಲಿಂದ ಹೋದಿರಿ. ಮತ್ತೆ ಬರಲಿಲ್ಲ.

ನಮ್ಮವರು ಗೆದ್ದರು, ಬೆಂಗಳೂರಿಗೆ ಹೋದರು, ಅಲ್ಲಿ ಕಣ್ಣು ತೆರೆದುಕೊಂಡೇ ನಿದ್ದೆ ಮಾಡಲು ಕಲಿತು ಬಂದರು. ಎಳೆಯರಲ್ಲಿ ಕೆಲವರು ಪಕ್ಷ ಬಿಟ್ಟರು. ಉಳಿದವರೂ ಈಗ ಖಾದಿಗೆ ಗಂಜಿ ಹಾಕಿಸುತ್ತಾರೆ. ಸಭೆ ಈಗಲೂ ನಮ್ಮ ಜಗಲಿಯಲ್ಲೇ. ಕೊನೆಗೆ ಯಾರೂ ಏಳುವುದಿಲ್ಲ. ನಾನು ತುಂಬಿಸಿಟ್ಟ ವೀಳ್ಯದೆಲೆ ಹಾಗೆಯೇ ಬಾಡಿ ಒಳಗೆ ಬರುತ್ತದೆ — ಕೇಳುವವರೇ ಇಲ್ಲದಿದ್ದರೆ ಬಾಯಿ ತುಂಬಿಕೊಳ್ಳುವುದು ಯಾತಕ್ಕೆ?

ಆ ಗಂಡಸರನ್ನು ಕಂಡರೆ ನನಗೆ ಹೇಸಿಗೆ. ಆದರೆ ಅವರು ನಿಮ್ಮೆದುರು ನಿಲ್ಲಲಾರದೆ ಓಡಿದವರು. ನಾನು ನಿಮ್ಮೆದುರು ನಿಂತು ಬಡಿಸಿದವಳು.

ಆ ಬಾಳೆಲೆ ನಾನು ತೆಗೆಯಬೇಕಿತ್ತು, ದೂಮಣ್ಣ.