ಮಿರ್ಚಿ ಭಜಿಗೆ ಸುತ್ತಿದ ಯುದ್ಧ

ನಾನು ಬಾಹ್ಯಾಕಾಶದ ಯುದ್ಧದ ಬಗ್ಗೆ ಕಾದಂಬರಿ ಬರೆಯುತ್ತಿದ್ದೇನೆ ಎಂದರೆ ಮನೆಯಲ್ಲಿ ಯಾರೂ ಅದನ್ನು ಕೆಲಸವೆಂದೇ ಎಣಿಸುತ್ತಿರಲಿಲ್ಲ. ಬಸವಕಲ್ಯಾಣದ ಹೈಸ್ಕೂಲೊಂದರಲ್ಲಿ ವಿಜ್ಞಾನ ಕಲಿಸುವ ನಾನು ರಜೆಯ ದಿನ ಪೆನ್ನು ಹಿಡಿದು ಕೂತರೆ ಅತ್ತೆಗೆ ಮೈ ಉರಿಯುತ್ತಿತ್ತು. “ಒಲಿ ಮ್ಯಾಲ ಬ್ಯಾಳಿ ಹೊತ್ತಾಕತ್ತದ, ಈಕಿ ಚಂದ್ರನ ಮ್ಯಾಲ ಬಾಂಬ್ ಹಾಕ್ಕೋತ ಕುಂತಾಳ!”

ಕಾದಂಬರಿಯ ನಾಯಕಿ ಭೂಮಿಯ ಸೇನೆಯಲ್ಲಿ ರೇಡಿಯೋ ಅಧಿಕಾರಿ. ಅವಳ ತವರು ಮಂಗಳ ಗ್ರಹ. ಎರಡರ ನಡುವೆ ಯುದ್ಧ ಹತ್ತಿಕೊಂಡಾಗ ಎರಡೂ ಕಡೆಯವರು ಅವಳನ್ನು ಕೇಳುವುದು ಒಂದೇ ಮಾತು: ನೀನು ಯಾರ ಕಡೆ? ತವರು ಒಂದೂರು, ಗಂಡನ ಮನೆ ಇನ್ನೊಂದೂರು ಇರುವ ಹೆಂಗಸಿಗೆ ಈ ಸಂಕಟವನ್ನು ಯಾರೂ ಹೇಳಿಕೊಡಬೇಕಿಲ್ಲ. ನನಗೆ ತೊಡಕಾದದ್ದು ಯುದ್ಧನೌಕೆಗಳ ಹೆಸರು. ಬಾಯಿ ತಿರುಗದ ಪರದೇಶಿ ಹೆಸರಿಡಲು ಮನಸ್ಸಾಗದೆ ಸುತ್ತಲಿನ ಹಳ್ಳಿಗಳ ಹೆಸರನ್ನೇ ಇಟ್ಟುಬಿಟ್ಟೆ. ನಾರಾಯಣಪುರ, ರಾಜೇಶ್ವರ, ಬೇಮಳಖೇಡ. ಬರೆಯುವಾಗ ಭಾರಿ ಮಜಾ ಅನ್ನಿಸಿತ್ತು.

ಬರೆದದ್ದನ್ನು ಟೈಪ್ ಮಾಡುತ್ತಿದ್ದವಳು ಹುಮನಾಬಾದಿನ ಬಸ್ ಸ್ಟ್ಯಾಂಡಿನ ಎದುರು ಡಿಟಿಪಿ ಅಂಗಡಿ ಇಟ್ಟಿದ್ದ ನನ್ನ ಗೆಳತಿ. ಕಾಲೇಜಿನಲ್ಲಿ ನನಗಿಂತ ಕಿರಿಯಳು, ಈಗಲೂ ಅಕ್ಕಾ ಎಂದೇ ಕರೆಯುತ್ತಾಳೆ. ಎಷ್ಟೋ ತಲೆಮಾರಿನಿಂದ ಅದೇ ಊರಿನಲ್ಲಿರುವ ಮುಸ್ಲಿಂ ಮನೆತನ ಅವಳದು. ಅವಳ ಅಂಗಡಿಯಲ್ಲೊಂದು ರೂಢಿಯಿತ್ತು. ಪ್ರಿಂಟ್ ಕೆಟ್ಟ ಹಾಳೆಗಳೆಲ್ಲ ಪಕ್ಕದ ಭಜಿ ಗಾಡಿಗೆ ಪೊಟ್ಟಣ ಕಟ್ಟಲು ಹೋಗುತ್ತಿದ್ದವು. ಅದಕ್ಕೆ ಬದಲಾಗಿ ಸಂಜೆ ಬಿಸಿಬಿಸಿ ಮಿರ್ಚಿ ಭಜಿ ಬರುತ್ತಿತ್ತು. ಮದುವೆಯ ಆಮಂತ್ರಣ, ಜಮೀನಿನ ಅರ್ಜಿ, ನನ್ನ ಕಾದಂಬರಿ, ಎಲ್ಲಕ್ಕೂ ಕೊನೆಗೆ ಎಣ್ಣೆಯೇ ಗತಿ.

ಆಮೇಲೆ ಗಡಿಯಲ್ಲಿ ನಿಜವಾದ ದಾಳಿ ಶುರುವಾಯಿತು. ನನ್ನ ತಮ್ಮ ಸೇನೆಯಲ್ಲಿ ಇದ್ದಾನೆ. ಅವನ ಫೋನ್ ಬಂದ್ ಆಗಿತ್ತು. ಟಿವಿಯಲ್ಲಿ ಸೈರನ್ ಕೂಗಿದಾಗಲೆಲ್ಲ ಮತ್ತೆ ಅವನ ನಂಬರ್ ಒತ್ತುತ್ತಿದ್ದೆ. ಕಾದಂಬರಿಯ ಸಿಪಾಯಿಗಳಿಗೆಲ್ಲ ಅವನದೇ ಮುಖ ಬಂದುಬಿಟ್ಟಿತ್ತು, ಒಬ್ಬನನ್ನೂ ಸಾಯಿಸಲು ಕೈ ಬರುತ್ತಿರಲಿಲ್ಲ. ಊರಲ್ಲಿ ಗೂಢಚಾರರ ಮಾತೇ ಮಾತು. ಯಾರೋ ಅಪರಿಚಿತ ಕ್ಯಾಮೆರಾ ಹಿಡಿದು ಕೋಟೆಯ ಕಡೆ ಹೋದನಂತೆ, ಇನ್ಯಾರೋ ಕತ್ತಲಲ್ಲಿ ಟಾರ್ಚ್ ಬೀಸಿದನಂತೆ. ನಾನೂ ಅದನ್ನೆಲ್ಲ ಅರ್ಧ ನಂಬಿದ್ದೆ.

ಅಂಥದೇ ಒಂದು ಶನಿವಾರ ಮುಂದಿನ ಅಧ್ಯಾಯ ಕೊಡಲೆಂದು ಹುಮನಾಬಾದಿನಲ್ಲಿ ಬಸ್ಸಿನಿಂದ ಇಳಿದೆ. ಗೆಳತಿಯ ಅಂಗಡಿಯ ಮುಂದೆ ಜನ ಕಿಕ್ಕಿರಿದಿದ್ದರು. ಒಬ್ಬ ಎಣ್ಣೆ ಹತ್ತಿದ ಹಾಳೆಯನ್ನು ಎತ್ತಿ ಹಿಡಿದು ಓದುತ್ತಿದ್ದ: “ಸೂರ್ಯ ಹುಟ್ಟುವ ಮುಂಚೆ ನಾರಾಯಣಪುರವನ್ನು ಮುಗಿಸಬೇಕು. ರಾಜೇಶ್ವರಕ್ಕೆ ಸುಳಿವು ಸಿಗಬಾರದು. ಬೇಮಳಖೇಡ ನಮ್ಮ ಕಡೆ ಇದೆ.”

ಅದು ನನ್ನ ಕಾದಂಬರಿಯ ಶತ್ರು ಸೇನಾಪತಿಯ ಆಜ್ಞೆ, ನಾನೇ ಬರೆದದ್ದು. ಆ ಒಂದು ಹಾಳೆಯಲ್ಲಿ ನೌಕೆ, ನಕ್ಷತ್ರ ಏನೂ ಇರಲಿಲ್ಲ.

“ಯಾರ್ ಕೊಟ್ಟಾರ ಇದು? ಹೇಳಂಗಿಲ್ಲೇನು?” ಎಂದ ಓದುತ್ತಿದ್ದವನು.

“ಗಿರಾಕಿದ್ದರಿ. ನಾ ಬರೇ ಟೈಪ್ ಮಾಡಾಕಿ,” ಎಂದಳು ಗೆಳತಿ. ಬಾಗಿಲಿನ ಚೌಕಟ್ಟು ಹಿಡಿದು ನಿಂತಿದ್ದಳು.

“ನೀ ಯಾರ್ ಕಡಿ? ಅದಷ್ಟ್ ಹೇಳು.”

ಯಾರೋ ಪೊಲೀಸರಿಗೆ ಫೋನ್ ಮಾಡುತ್ತಿದ್ದರು, ಇನ್ನಾರೋ ಅಂಗಡಿಯ ಬೋರ್ಡಿಗೆ ಕೈ ಹಾಕಿದ್ದರು. ನನ್ನ ಹಿಂದೆ ಬಸವಕಲ್ಯಾಣಕ್ಕೆ ವಾಪಸ್ ಹೋಗುವ ಬಸ್ಸು ಹಾರ್ನ್ ಹಾಕುತ್ತಿತ್ತು. ತಮ್ಮನ ಮುಖ ಕಣ್ಣ ಮುಂದೆ ಬಂತು. ಸೈನಿಕನ ಅಕ್ಕ ಹಳ್ಳಿಗಳನ್ನು ನಾಶ ಮಾಡುವ ಆಜ್ಞೆ ಬರೆದಿದ್ದಾಳೆಂದು ಸುದ್ದಿ ಹೋದರೆ ಅವನ ಗತಿ? ಆದರೆ ಗೆಳತಿ ನನ್ನ ಕಡೆ ನೋಡಿ, ಹೋಗು ಎಂಬಂತೆ ತಲೆ ಅಲ್ಲಾಡಿಸಿದಳು. ಅದನ್ನು ಕಂಡ ಮೇಲೆ ಬಸ್ಸು ಹತ್ತುವುದು ನನ್ನಿಂದ ಆಗಲಿಲ್ಲ.

“ಅದು ನನ್ದರಿ! ಕಥಿ ಅದ ಅದು!” ಎಂದು ಕೂಗಿಕೊಂಡೇ ನುಗ್ಗಿದೆ. ಚೀಲದಿಂದ ಕೈಬರಹದ ಹಾಳೆಗಳನ್ನು ತೆಗೆದು ತೋರಿಸಿದೆ. ನಾರಾಯಣಪುರ ಅಂದರೆ ಹಾರುವ ಹಡಗು, ಅದರಲ್ಲಿ ನಾನೂರು ಜನ ಸಿಪಾಯಿಗಳು ಎಂದೆಲ್ಲ ತೊದಲಿದೆ. ನನ್ನ ಹೆಸರು, ಶಾಲೆ, ಫೌಜಿನಲ್ಲಿರುವ ತಮ್ಮ, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. ಜೈಲೇ ಗಟ್ಟಿ ಅಂದುಕೊಂಡಿದ್ದೆ.

ಓದುತ್ತಿದ್ದವನು ಹಾಳೆಯನ್ನು ಮಡಚಿ ನನಗೆ ಕೊಟ್ಟ. “ಮೊದಲೇ ಹೇಳಬಾರದಿತ್ತೇನ್ರಿ ಮೇಡಂ? ನಿಮ್ ತಮ್ಮ ಫೌಜಿನಾಗ ಅದಾರಂತೀರಿ, ನಿಮ್ ಮ್ಯಾಲ ಹ್ಯಾಂಗ ಸಂಶಯ ಪಡಬೇಕ್ರಿ?”

ನಾರಾಯಣಪುರದ ಮುದುಕರೊಬ್ಬರು ಮಾತ್ರ ಬಿಡಲಿಲ್ಲ. “ಕಡೀಕ ನಮ್ಮೂರು ಉಳೀತದೋ ಇಲ್ಲೋ, ಅದನ್ನ ಹೇಳ್ರಿ.” ಉಳಿಯುತ್ತದೆ ಎಂದೆ. ಎಲ್ಲರೂ ನಕ್ಕರು. ನನಗೆ ಕೈಮುಗಿದು ಒಬ್ಬೊಬ್ಬರೇ ಚದುರಿದರು. ಪೊಲೀಸರು ಬರಲೇ ಇಲ್ಲ, ಫೋನ್ ಮಾಡಿದವನೇ ಬೇಡವೆಂದು ಹೇಳಿರಬೇಕು.

ಗೆಳತಿ ಅರ್ಧ ಷಟರ್ ಎಳೆದು ಒಳಗೆ ಕೂತಳು. ನೀರಿನ ಲೋಟ ಕೊಟ್ಟೆ. ನನಗೆ ಅವಳ ಮೇಲೇ ಸಿಟ್ಟು ಬಂತು.

“ನನ್ನ ಹೆಸರು ಯಾಕ ಹೇಳಲಿಲ್ಲ? ಹುಚ್ಚಿ ಏನು ನೀ?”

“ನಿಮ್ ತಮ್ಮ ಫೌಜಿನಾಗ ಅದಾರಲ್ರಿ ಅಕ್ಕಾ. ಅವರಿಗೆ ಏನರೆ ತೊಂದ್ರಿ ಆದೀತಂತ ಸುಮ್ನ ಇದ್ದೆ.”

ತಮ್ಮನ ಫೋನ್ ಕೆಲವು ದಿನಗಳ ಮೇಲೆ ಬಂತು, ಅವನು ಕ್ಷೇಮ. ಕೆಟ್ಟ ಹಾಳೆಗಳು ಈಗ ಭಜಿ ಗಾಡಿಗೆ ಹೋಗುವುದಿಲ್ಲ. ಗೆಳತಿ ಪ್ರತಿಯೊಂದನ್ನೂ ಚೂರು ಮಾಡಿ ಮನೆಗೆ ಒಯ್ದು ಒಲೆಗೆ ಹಾಕುತ್ತಾಳೆ. ನೌಕೆಗಳ ಹೆಸರು ಬದಲಿಸುತ್ತೇನೆ ಎಂದರೆ ಬೇಡವೆಂದಳು. ಕೊನೆಯ ಅಧ್ಯಾಯ ಮಾತ್ರ ನನ್ನ ಮುಂದೆ ಹಾಗೆಯೇ ಇದೆ. ನೀನು ಯಾರ ಕಡೆ ಎಂದು ಕೇಳಿದಾಗ ನಾಯಕಿ ಏನು ಹೇಳಬೇಕೆಂದು ನನಗೆ ತಿಳಿಯುತ್ತಿಲ್ಲ. ಅವತ್ತು ಆ ಬೀದಿಯಲ್ಲಿ ಹಾಳೆ ನನ್ನದೆಂದು ಗೊತ್ತಾದ ಮೇಲೂ ನನ್ನನ್ನು ಆ ಮಾತು ಯಾರೂ ಕೇಳಲಿಲ್ಲ.